ಅಡುಗೆಮನೆಯ ಕಿಟಕಿಗೆ ಗಾಜು

ಹೊಸೂರಿನ ಹಳೆಯ ಬೀದಿಯಲ್ಲಿ ಅಂಜಮ್ಮನ ಅಡುಗೆಮನೆ ಕಿಟಕಿಗೂ ಪಕ್ಕದ ಮನೆಯ ಅಕ್ಕಯಮ್ಮನ ಕಿಟಕಿಗೂ ನಡುವೆ ಒಂದು ತೋಳಿನಷ್ಟೇ ಅಂತರ. ಕಿಟಕಿಯ ಬಾಗಿಲು ತೆರೆದರೆ ಎದುರು ಗೋಡೆಗೆ ಬಡಿಯುತ್ತದೆಂದು ಅಂಜಮ್ಮ ಆ ಕಿಟಕಿಗೆ ಚಿಲಕ ಹಾಕಿಯೇ ಇಟ್ಟಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಗ್ಯಾಸ್ ಸಿಲಿಂಡರ್ ತಗುಲಿ ಕೆಳಗಿನ ಗಾಜೊಂದು ಒಡೆಯಿತು. ನಾಳೆ ಹಾಕಿಸೋಣ ಎಂದು ಗಂಡ ಚೂರುಗಳನ್ನು ಆರಿಸಿ ತೆಗೆದ. ಸಂಜೆ ಆ ಸಂದಿಯಿಂದ ಒಂದು ಕೈ ಒಳಗೆ ಬಂತು. ಕೈಯಲ್ಲಿ ಬಸ್ಸಾರಿನ ಬಟ್ಟಲು.

"ಉಪ್ಪು ಸರಿಯಾಗೈತಾ ನೋಡಮ್ಮಿ," ಎಂದಳು ಅಕ್ಕಯಮ್ಮ.

ಗಾಜಿನ ಮಾತು ಅಲ್ಲಿಗೇ ನಿಂತಿತು. ಹೆಪ್ಪು, ಕರಿಬೇವು, ಬೀದಿಯ ಸುದ್ದಿ, ಅತ್ತೆಯಂದಿರ ಮೇಲಿನ ಸಿಟ್ಟು, ಎಲ್ಲವೂ ಅಲ್ಲೇ ಹಾದುಹೋದವು. ಒಬ್ಬಳು ಮುದ್ದೆ ತಿರುವುತ್ತಾ, ಇನ್ನೊಬ್ಬಳು ಪಾತ್ರೆ ಉಜ್ಜುತ್ತಾ ಮಾತು. ಗಂಡ ತೀರಿಕೊಂಡ ಮೇಲೆ ಅಂಜಮ್ಮ ಒಲೆ ಹಚ್ಚಲಾರದೆ ನಿಂತಾಗ ಅದೇ ಕೈ ಒಳಗೆ ಬಂದು ಅವಳ ಮುಂಗೈ ಹಿಡಿದುಕೊಂಡಿತ್ತು.

ಹೋದ ವರ್ಷ ಅಕ್ಕಯಮ್ಮ ಮನೆ ಮಾರಿ ಮಗಳ ಜೊತೆ ಕೃಷ್ಣಗಿರಿಗೆ ಹೋದಳು. ಈಗ ಅಂಗಡಿ ಕಟ್ಟಲು ಆ ಹಳೆಯ ಮನೆ ಕೆಡವುತ್ತಿದ್ದರು. ಸುಣ್ಣದ ಧೂಳು ಹಾಲಿನ ಪಾತ್ರೆಗೇ ಬೀಳತೊಡಗಿದಾಗ ಸೊಸೆ ವನಿತಾ ಗಾಜಿನ ಕೆಲಸದ ನರೇಶನನ್ನು ಕರೆಸಿದಳು. ಅವನು ಹಳೆಯ ಮರದ ಪಟ್ಟಿ ಬಿಡಿಸಿ, ಚೌಕಟ್ಟು ಉಜ್ಜಿ, ಹೊಸ ಗಾಜು ಕೈಗೆತ್ತಿಕೊಂಡ.

"ಒಂದ್ನಿಮಿಷ ಇರಪ್ಪಾ," ಎಂದು ಅಂಜಮ್ಮ ಅಕ್ಕಯಮ್ಮನಿಗೆ ಫೋನ್ ಮಾಡಿದಳು. "ಅಕ್ಕಾ, ಕಿಟ್ಕಿಗೆ ಗಾಜು ಹಾಕುಸ್ತಾ ಇವ್ನಿ."

"ಹಾಕುಸ್ಬುಡು. ಆ ಕಡೆ ಈಗ ಯಾರವ್ರೆ? ನೀನೇ ಒಂದ್ಸಲ ಇಲ್ಲೀಗ್ ಬಾ."

ಆ ಭಾನುವಾರ ಅಂಜಮ್ಮ ಬಸ್ಸು ಹತ್ತಿದಳು. ಅಕ್ಕಯಮ್ಮ ಅವಳನ್ನು ಸೋಫಾದ ಮೇಲೆ ಕೂರಿಸಿ, ಕಾಫಿ ಕೊಟ್ಟು, ಎದುರಿಗೆ ಕೂತಳು. ಇಬ್ಬರಿಗೂ ಏನು ಮಾತಾಡಬೇಕೋ ತೋಚಲಿಲ್ಲ.

"ಈ ಸಲ ಚಳಿ ಜಾಸ್ತಿ ಅಲ್ವಾಕ್ಕಾ?"

"ಹೂಂ ಕಣಮ್ಮಿ."

ಇಷ್ಟು ವರ್ಷದಲ್ಲಿ ತಾವಿಬ್ಬರೂ ಸುಮ್ಮನೆ ಎದುರುಬದುರು ಕೂತದ್ದೇ ಇಲ್ಲವೆಂದು ಅಂಜಮ್ಮನಿಗೆ ಹೊಳೆಯಿತು. ಅಕ್ಕಯಮ್ಮ ತಡೆಯಲಾರದೆ ಎದ್ದು ಅಡುಗೆಮನೆಗೆ ನಡೆದಳು. ಅಂಜಮ್ಮನೂ ಲೋಟ ಹಿಡಿದು ಹಿಂದೆಯೇ ಹೋದಳು. ಅಲ್ಲಿ ನೆನೆಹಾಕಿದ ಅವರೆಕಾಳಿನ ಪಾತ್ರೆ ಇತ್ತು. ಇಬ್ಬರೂ ನೆಲದ ಮೇಲೆ ಕೂತು ಕಾಳು ಹಿತುಕತೊಡಗಿದರು.

"ನಮ್ ಬೀದಿ ರಾಮಕೃಷ್ಣಪ್ಪನ ಸೊಸೆ ಹೆಂಗವ್ಳೆ?" ಕೇಳಿದಳು ಅಕ್ಕಯಮ್ಮ, ತಲೆ ಎತ್ತದೆ.

"ಅಯ್ಯೋ, ಅದನ್ನ ಹೇಳೋದೇ ಮರ್ತೆ ನೋಡು," ಎಂದು ಅಂಜಮ್ಮ ಶುರು ಮಾಡಿದಳು.

ಸಂಜೆಯಾದರೂ ಆ ಮಾತು ಮುಗಿಯಲಿಲ್ಲ. ನಾಳೆ ಬೆಳಿಗ್ಗೆ ಬತ್ತೀನಿ ಎಂದು ವನಿತಾಗೆ ಫೋನ್ ಮಾಡಿ ತಿಳಿಸಿ, ಅಂಜಮ್ಮ ಒಗ್ಗರಣೆಗೆ ಈರುಳ್ಳಿ ಹೆಚ್ಚಲು ಕೂತಳು.