ಯಾರೂ ಕರೆಯದ ಮೂಲೆ

ಬೆಳ್ತಂಗಡಿಯ ಸಣ್ಣ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ರುಕಿಯಾಳಿಗೆ ಬಿಸಿ ಚಹಾ ಕುಡಿಯುವ ಯೋಗವೇ ಇರಲಿಲ್ಲ. ಲೋಟ ಎತ್ತುವಷ್ಟರಲ್ಲಿ ಯಾರಾದರೂ ಬಾಗಿಲಲ್ಲಿ ನಿಂತಿರುತ್ತಿದ್ದರು. ಸ್ಕಾಲರ್‌ಶಿಪ್ಪಿನ ಸಹಿಗೆ ಹುಡುಗಿಯರು, ಭಾಷಣ ಬರೆಸಿಕೊಳ್ಳಲು ಪ್ರಿನ್ಸಿಪಾಲರು, ಮಗಳ ಮದುವೆಗೆ ಕರೆಯಲು ಜವಾನ ಹುಕ್ರಪ್ಪ. ಬಸ್‌ಸ್ಟ್ಯಾಂಡಿನಲ್ಲಿ ನಿಂತರೂ ಬಿಡುತ್ತಿರಲಿಲ್ಲ. ಸಂಬಳವಾದರೋ ಹೇಳಿಕೊಳ್ಳುವಂತಿರಲಿಲ್ಲ.

ಹಾಗಾಗಿ ಮೂಡುಬಿದಿರೆಯ ಆಚೆ, ಗುಡ್ಡದ ಮೇಲಿನ ದೊಡ್ಡ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುವ ಕೆಲಸ ಸಿಕ್ಕಿದಾಗ ಅವಳು ಹಿಂದೆ ಮುಂದೆ ನೋಡಲಿಲ್ಲ. ಒಳ್ಳೆಯ ಸಂಬಳ, ಇರಲು ಕ್ವಾರ್ಟರ್ಸು, ಎಲ್ಲಕ್ಕಿಂತ ಹೆಚ್ಚಾಗಿ ಆ ಲೈಬ್ರರಿ. ಮೇಲಿನ ಮಹಡಿಯಲ್ಲಿ, ಹಳೆಯ ಗೆಜೆಟಿಯರುಗಳ ಕಪಾಟಿನ ಹಿಂದೆ, ಕಿಟಕಿಗೆ ತಾಗಿ ಒಂದು ಮೇಜು. ಅವಳ ಪಿಎಚ್‌ಡಿ ಅಲ್ಲೇ ಬೆಳೆಯುತ್ತಿತ್ತು. ವಿಭಾಗದಲ್ಲಿ ಅವಳು ಎಲ್ಲರಿಗೂ ಬರೇ 'ಮೇಡಂ'. ಜ್ವರ ಬಂದು ವಾರವಿಡೀ ಮಲಗಿದ್ದಾಗ ಬಾಗಿಲು ತಟ್ಟಿದ ಪುಣ್ಯಾತ್ಮರು ಒಬ್ಬರೂ ಇರಲಿಲ್ಲ. ಆಗ ಮನಸ್ಸು ಪಿಚ್ಚೆಂದಿತ್ತು, ನಿಜ. ಆದರೆ ಆ ಮೇಜಿನೆದುರು ಕೂತರೆ ಅದೂ ಮರೆತುಹೋಗುತ್ತಿತ್ತು.

ಶನಿವಾರ ನರಿಕೊಂಬಿನ ಮನೆಗೆ ಹೋದಾಗ ಹಾಸಿಗೆ ಹಿಡಿದಿದ್ದ ಉಮ್ಮನಿಗೆ ಅದನ್ನೇ ಹೇಳಿದಳು.

"ಅಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ ಉಮ್ಮ. ಅದೇ ದೊಡ್ಡ ಸುಖ."

ಉಮ್ಮ ನಗಲಿಲ್ಲ. "ನಾನು ಕರೆದರೆ ಬರ್ತೀಯಲ್ಲ? ಗಂಡಸರು ನನ್ನನ್ನು ಹೊತ್ತುಕೊಂಡು ಹೋಗುವ ಮೊದಲು ನೀನೊಮ್ಮೆ ಮುಖ ನೋಡಬೇಕು ಮಗಳೇ."

"ಹಾಗೆಲ್ಲ ಮಾತಾಡಬೇಡಿ. ಬರ್ತೇನೆ."

ಅವರಲ್ಲಿ ಹೆಂಗಸರು ದಫನಕ್ಕೆ ಹೋಗುವುದಿಲ್ಲ. ಮುಖ ನೋಡುವುದಿದ್ದರೆ ಮನೆಯಲ್ಲೇ ನೋಡಬೇಕು. ಮಣ್ಣು ಮಾಡುವುದಕ್ಕೆ ತಡ ಮಾಡುವುದೂ ಇಲ್ಲ.

ಉಮ್ಮ ಒಂದು ಗುರುವಾರ ಬೆಳಗ್ಗೆ ತೀರಿಕೊಂಡರು. ಆಗಿನ್ನೂ ಎಲ್ಲರ ಕೈಗೆ ಮೊಬೈಲು ಬಂದಿರಲಿಲ್ಲ. ಅಣ್ಣ ಹನೀಫಾ ಗಾಬರಿಯಲ್ಲಿ, ಫೋನಿನ ಮೇಲೆ ಗೋಡೆಗೆ ಬರೆದಿದ್ದ ಹಳೆಯ ನಂಬರನ್ನೇ ತಿರುಗಿಸಿದ. ಅದು ಬೆಳ್ತಂಗಡಿ ಕಾಲೇಜಿನದು. ಎತ್ತಿದ ಹುಕ್ರಪ್ಪ ಸುದ್ದಿ ಕೇಳಿ ಅತ್ತೇಬಿಟ್ಟ. ತಪ್ಪು ಗೊತ್ತಾಗಿ ವಿಶ್ವವಿದ್ಯಾಲಯಕ್ಕೆ ಮಾಡಿದರೆ, ವಿಭಾಗದ ಫೋನು ಮುಖ್ಯಸ್ಥರ ಕೋಣೆಯಲ್ಲಿ, ಕೋಣೆಗೆ ಬೀಗ, ಮುಖ್ಯಸ್ಥರು ಊರಲ್ಲಿಲ್ಲ. ಗಂಟೆ ಬಡಿದುಕೊಂಡೇ ಇತ್ತು. ಹನೀಫಾ ಬೈಕ್ ಹತ್ತಿದ.

"ರುಕಿಯಾ ಟೀಚರು ಎಲ್ಲಿದ್ದಾರೆ ಮಾರಾಯ್ರೆ?"

ಗೇಟಿನವನು ಆಫೀಸಿಗೆ ಕಳಿಸಿದ. ಆಫೀಸಿನವರು ಯಾವ ವಿಭಾಗವೆಂದು ಕೇಳಿದರು. ವಿಭಾಗದಲ್ಲಿ ಒಬ್ಬ, ಕ್ವಾರ್ಟರ್ಸಿನಲ್ಲಿ ಇರಬಹುದು ಎಂದ. ಕ್ವಾರ್ಟರ್ಸಿಗೆ ಬೀಗ. ಬಿಸಿಲಿನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ತಿರುಗಿ ಅವನು ಸೋತುಹೋದ. ಮಧ್ಯಾಹ್ನದ ಲುಹರ್ ನಮಾಝಿನ ಬೆನ್ನಿಗೆ ಆಗಬೇಕಾದ ದಫನವನ್ನು ಹಿರಿಯರು ಮಗಳಿಗಾಗಿ ಸಂಜೆಯ ಅಸರ್‌ವರೆಗೆ ತಡೆದಿದ್ದರು. ಅದಕ್ಕಿಂತ ಹೆಚ್ಚು ಒಪ್ಪಲಿಲ್ಲ. ಮಗನೇ ಇಲ್ಲದೆ ಆಗುತ್ತದೆಯೇ? ಹನೀಫಾ ಒಬ್ಬನೇ ವಾಪಸಾದ.

ರುಕಿಯಾಳಿಗೆ ಆ ದಿನ ಕ್ಲಾಸು ಇರಲಿಲ್ಲ. ಕಪಾಟಿನ ಹಿಂದೆ ಕೂತು ಒಂದು ಅಧ್ಯಾಯ ಮುಗಿಸಿದಳು. ಇಡೀ ದಿನ ಅವಳು ಸಂತೋಷವಾಗಿದ್ದಳು. ಮುಂದೆ ಅವಳನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಈ ಸಂತೋಷವೇ.

ಸಂಜೆ ಗೇಟಿನ ಹತ್ತಿರ ವಾಚ್‌ಮನ್ ಎಂದಿನಂತೆ ಸಲಾಮು ಹೊಡೆದು ಹೇಳಿದ:

"ಮೇಡಂ, ಯಾರೋ ಬೈಕಿನವರು ರುಕಿಯಾ ಟೀಚರನ್ನು ಹುಡುಕಿಕೊಂಡು ಬಂದಿದ್ರು. ತಾಯಿ ತೀರಿಹೋದರಂತೆ, ಪಾಪ. ನಿಮಗೇನಾದರೂ ಅವರ ಪರಿಚಯ ಉಂಟಾ?"

ಅವಳು ಮನೆ ಮುಟ್ಟುವಾಗ ಕತ್ತಲಾಗಿತ್ತು. ಗಂಡಸರು ದಫನ ಮುಗಿಸಿ ಬಂದು ಅಂಗಳದಲ್ಲಿ ಕೂತಿದ್ದರು. ಹುಕ್ರಪ್ಪನೂ ಇದ್ದ. ಹನೀಫಾ ಬೈಯಲಿಲ್ಲ. "ಅಷ್ಟು ದೊಡ್ಡ ಜಾಗ, ನಿನ್ನನ್ನು ಅರಿತವರು ಒಬ್ಬರೂ ಇಲ್ಲವಲ್ಲ ರುಕಿಯಾ," ಎಂದಷ್ಟೇ ಹೇಳಿ ಮುಖ ತಿರುಗಿಸಿದ. ಬೈದಿದ್ದರೆ ವಾಸಿಯಿತ್ತು.

ಒಳಗೆ, ಖಾಲಿ ಮಂಚದ ಪಕ್ಕ, ಬೆಳ್ತಂಗಡಿ ಕಾಲೇಜಿನಲ್ಲಿ ಜೊತೆಗೆ ಪಾಠ ಮಾಡುತ್ತಿದ್ದ ಶಶಿಪ್ರಭಾ ಕೂತಿದ್ದಳು. ವರ್ಷಗಟ್ಟಲೆ ಒಂದೇ ಬೆಂಚಿನಲ್ಲಿ ಕೂತು ಬುತ್ತಿ ಹಂಚಿಕೊಂಡವಳು. ಹುಕ್ರಪ್ಪ ಹೇಳಿದ ಕೂಡಲೇ ಕ್ಲಾಸು ಬಿಟ್ಟು ಅವನ ಜೊತೆ ಬಸ್ಸು ಹತ್ತಿದ್ದಳು.

"ನೀವು ನೋಡಿದಿರಾ?" ರುಕಿಯಾ ಕೇಳಿದಳು.

"ನೋಡಿದೆ. ಹೊತ್ತುಕೊಂಡು ಹೋಗುವ ಮೊದಲು ಮುಖ ಮುಚ್ಚುವಾಗ ಹೆಂಗಸರೆಲ್ಲ ಸರಿದರು, ನಾನು ಸರಿಯಲಿಲ್ಲ. ನಿಮ್ಮ ಬದಲಿಗೆ ಅಂತ ಸ್ವಲ್ಪ ಹೆಚ್ಚೇ ನೋಡಿದೆ."

ರುಕಿಯಾ ಪಕ್ಕದಲ್ಲಿ ಕೂತು ಅವಳ ಎರಡೂ ಕೈ ಹಿಡಿದುಕೊಂಡಳು.

"ಹೇಗಿದ್ರು, ಹೇಳಿ," ಎಂದಳು.