ಸೊನ್ನೆಗಳ ಹಿಂದಿನ ಐದು

ಗಾಜಿನ ಬಾಗಿಲ ಮೇಲಿನ ಬೆರಳ ಗುರುತುಗಳನ್ನು ಒರೆಸುತ್ತಿದ್ದೆ. ಕಾರು ಲೀಸಿಗೆ, ಅಂದರೆ ತಿಂಗಳ ಕಂತಿನ ಬಾಡಿಗೆಗೆ, ಬೇಕೆಂದು ಬರುವವರು ಅಂಗೈ ಪೂರ್ತಿ ಊರಿ ತಳ್ಳುತ್ತಾರೆ. ಗ್ರೀಸಿನ ಕೈ, ಬೆವರಿನ ಕೈ. ಹನ್ನೊಂದು ವರ್ಷದಿಂದ ಈ ಕಚೇರಿಯ ಕಸ, ನೆಲ, ಗಾಜು ನನ್ನವು.

ಒಳಗೆ ನನ್ನ ಸೊಸೆ ನಿಂತಿದ್ದಳು. ಮಗ ತೀರಿಕೊಂಡ ಮೇಲೆ ಟ್ಯಾಕ್ಸಿ ಓಡಿಸಿ ಮನೆ ನಡೆಸುವವಳು ಅವಳೇ.

"ಎರಡು ಕಂತು ಬಾಕಿ ಇದೆಯಮ್ಮ." ಮ್ಯಾನೇಜರು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. "ಸೋಮವಾರದೊಳಗೆ ಕಟ್ಟದಿದ್ರೆ ಗಾಡಿ ಎತ್ಕೊಂಡ್ಬರ್ತೀವಿ."

"ತಿಂಗಳಿಗೆ ಹದಿನಾರು ಸಾವಿರ ಸಾರ್. ಬಡ್ಡಿ ಲೆಕ್ಕಕ್ಕೇ ಇಲ್ಲ ಅಂದಿದ್ರಿ. ಇಷ್ಟೊಂದು ಹೇಗಾಯ್ತು?"

"ಬಡ್ಡಿ ಅಲ್ಲಮ್ಮ, ಗುಣಕ. ಕಾಗದದಲ್ಲೇ ಇದೆ. ನಿಮ್ಮತ್ತೇನೇ ಓದಿ ಹೇಳಿದ್ರಲ್ಲ, ಅವರನ್ನೇ ಕೇಳಿ."

ಸೊಸೆ ನನ್ನ ಕಡೆ ನೋಡಿದಳು. ನಾನು ಒರೆಸಿದ ಗಾಜನ್ನೇ ಮತ್ತೆ ಒರೆಸಿದೆ.

ನಿಜ. ಓದಿದವಳು ನಾನೇ. ಅದಕ್ಕೆ ವರ್ಷ ತುಂಬಲು ಎರಡೇ ದಿನ ಉಳಿದಿತ್ತು. ಓದಿದಾಗ ನಾನು ರಾತ್ರಿ ಶಾಲೆಗೆ ಸೇರಿ ಎರಡು ವರ್ಷವಾಗಿತ್ತು. ಅಕ್ಷರ ಕಂಡಲ್ಲೆಲ್ಲ ಓದುವ ಚಪಲ. ಸೊಸೆಯ ಜೊತೆ ಟ್ಯಾಕ್ಸಿ ಸ್ಟ್ಯಾಂಡಿನ ಇನ್ನೂ ಆರು ಡ್ರೈವರುಗಳು ಬಂದಿದ್ದರು. ಸಹಿ ಹಾಕಲು ಹಿಂದೆಮುಂದೆ ನೋಡುತ್ತಿದ್ದರು. ಮ್ಯಾನೇಜರು ನನ್ನನ್ನು ಕರೆದರು. "ನೀವೇ ಓದಿ. ನಿಮ್ಮೋರು ನಿಮ್ಮನ್ನ ನಂಬ್ತಾರೆ."

ಒದ್ದೆ ಕೈ ಒರೆಸಿಕೊಂಡು ಗಟ್ಟಿಯಾಗಿ ಓದಿದೆ. "ಸೊನ್ನೆ ದಶಾಂಶ ಸೊನ್ನೆ ಸೊನ್ನೆ ಐದು."

"ಅಂದ್ರೆ ಎಷ್ಟು ಅಜ್ಜಿ?"

"ನೂರಕ್ಕೆ ಅರ್ಧ ಬಡ್ಡಿ, ಅದೂ ವರ್ಷಕ್ಕೆ," ಅಂದರು ಮ್ಯಾನೇಜರು.

"ನೋಡು, ಐದರ ಮುಂದೆ ಸೊನ್ನೆಗಳು ಹೇಗೆ ಸಾಲಾಗಿ ನಿಂತಿವೆ," ಅಂದೆ ನಾನು. "ಇದೇನು ಮಹಾ. ಹಾಕ್ರೋ."

ಏಳೂ ಜನ ಹಾಕಿದರು. ಅಲ್ಲಿಯವರೆಗೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಉಣ್ಣುತ್ತಿದ್ದ ನನಗೆ ಮರುದಿನ ಮ್ಯಾನೇಜರು ಒಂದು ಕುರ್ಚಿ ಕೊಡಿಸಿದರು.

ನಾಲ್ಕು ತಿಂಗಳಾದ ಮೇಲೆ ಶಾಲೆಯಲ್ಲಿ ದಶಾಂಶದ ಪಾಠ ಬಂತು. ಜಂಬದಿಂದ ಸೊಸೆಯ ಕಾಗದ ಒಯ್ದು ತೋರಿಸಿದೆ. ಮೇಷ್ಟ್ರು ಅದನ್ನೇ ಬೋರ್ಡಿನ ಮೇಲೆ ಬರೆದರು. ಕಾರಿನ ಬೆಲೆ ಎಂಟು ಲಕ್ಷ. ನಲವತ್ತು ತಿಂಗಳಾದ ಮೇಲೆ ಹಿಂದಿರುಗಿಸುವಾಗ ನಾಲ್ಕು ಲಕ್ಷ. ಸವೆದ ನಾಲ್ಕು ಲಕ್ಷಕ್ಕೆ ತಿಂಗಳಿಗೆ ಹತ್ತು ಸಾವಿರ.

"ಇನ್ನು ಬಡ್ಡಿ. ಎಂಟನ್ನೂ ನಾಲ್ಕನ್ನೂ ಕೂಡಿಸಿ ಈ ಸಣ್ಣ ಸಂಖ್ಯೆಯಿಂದ ಗುಣಿಸ್ತಾರೆ. ಹನ್ನೆರಡು ಲಕ್ಷಕ್ಕೆ ಆರು ಸಾವಿರ. ತಿಂಗಳು ತಿಂಗಳೂ."

"ಕೂಡಿಸೋದ್ಯಾಕೆ ಮೇಷ್ಟ್ರೇ? ವಾಪಸ್ ಕೊಡೋದನ್ನ ಕಳೀಬೇಕಲ್ವಾ?"

"ಅವರ ದುಡ್ಡು ನಿಮ್ಮ ಹತ್ರ ಮೊದಲು ಎಂಟು, ಕೊನೆಗೆ ನಾಲ್ಕು. ಸರಾಸರಿ ಆರು. ಕೂಡಿಸಿದ್ದನ್ನ ಅರ್ಧ ಮಾಡಬೇಕು. ಅವರು ಮೊತ್ತ ಬಿಟ್ಟು ದರವನ್ನೇ ಅರ್ಧ ಮಾಡಿ ಬರೀತಾರೆ. ಅದೂ ತಿಂಗಳಿನ ದರ. ಅದೂ ನೂರಕ್ಕಲ್ಲ, ಒಂದಕ್ಕೆ. ವರ್ಷಕ್ಕೆ ನೂರಕ್ಕೆ ಎಷ್ಟು ಅಂತ ತಿಳೀಬೇಕಾದ್ರೆ ಎರಡು, ಹನ್ನೆರಡು, ನೂರು, ಮೂರನ್ನೂ ಗುಣಿಸಿದ ಎರಡು ಸಾವಿರದ ನಾನೂರರಿಂದ ಗುಣಿಸಿ."

ಗುಣಿಸಿದೆ. ಹನ್ನೆರಡು ಬಂತು. ಮತ್ತೊಮ್ಮೆ ಗುಣಿಸಿದೆ. ಹನ್ನೆರಡೇ.

"ಕಾಗದದ ಲೆಕ್ಕ ತಪ್ಪಿಲ್ಲ," ಅಂದರು ಮೇಷ್ಟ್ರು. "ಆದ್ರೆ ಇದನ್ನ ವರ್ಷಕ್ಕೆ ಅರ್ಧ ಅಂತ ಯಾರಾದ್ರೂ ಹೇಳಿದ್ರೆ ಅದು ಮೋಸ. ಕೇಳಿಸ್ಕೊಂಡ ಸಾಕ್ಷಿ ಇದ್ರೆ ವರ್ಷದೊಳಗೆ ದೂರು ಕಚೇರಿಗೆ ಬರೀಬಹುದು."

ಮನೆಗೆ ಬಂದು ದೂರಿನ ಕಾಗದ ಬರೆದೆ. ಮಡಚಿ ಗಣಿತದ ಪುಸ್ತಕದೊಳಗೆ ಇಟ್ಟೆ. ಕೆಲಸ ಹೋದರೆ ಈ ವಯಸ್ಸಿನವಳನ್ನು ಇನ್ಯಾರು ಕರೆಯುತ್ತಾರೆ? ಎಂಟು ತಿಂಗಳು ಆ ಕುರ್ಚಿಯ ಮೇಲೆ ಕೂತು, ಸೊಸೆ ಕಟ್ಟಿಕೊಟ್ಟ ಬುತ್ತಿ ಉಂಡೆ.

ಸೊಸೆ ಹೊರಗೆ ಹೋಗಿ ಕಾರಿನಲ್ಲಿ ಸ್ಟೀರಿಂಗಿಗೆ ಹಣೆ ಹಚ್ಚಿ ಕೂತಳು. ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಹೋದೆ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ.

ಅವಳು ಸ್ಟೀರಿಂಗಿನಿಂದ ಹಣೆ ಎತ್ತಿದಳು.

"ಎಂಟು ತಿಂಗಳಿಂದ ಗೊತ್ತಿತ್ತಾ ಅತ್ತೆ?"

"ಹೂಂ."

"ಹದಿನಾರು ಗಂಟೆ ಓಡಿಸಿ ಬೆನ್ನು ನೋವು ಅಂತ ನಿಮ್ಮ ಕೈಲಿ ಮುಲಾಮು ಹಚ್ಚಿಸ್ಕೊಳ್ತಿದ್ದೆನಲ್ಲ, ಆಗಲೂ?"

"ಆಗಲೂ."

"ಒಳ್ಳೇ ಮುಲಾಮು."

ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಕೀಲಿ ತಿರುಗಿಸಿದಳು. "ಆ ಕಾಗದ ಎಲ್ಲಿದೆ?"

ಮನೆಯಿಂದ ಕಾಗದ ತೆಗೆದುಕೊಂಡು ಟ್ಯಾಕ್ಸಿ ಸ್ಟ್ಯಾಂಡಿಗೆ ಹೋದೆವು. ಆರೂ ಜನರ ಮುಂದೆ ಓದಿದೆ. 'ನಾನೇ ಓದಿ ನಂಬಿಸಿದೆ' ಎಂಬ ಸಾಲನ್ನೂ ಬಿಡಲಿಲ್ಲ. ಗಟ್ಟಿಯಾಗಿಯೇ ಓದಿದೆ.

ಹಿರಿಯ ಡ್ರೈವರು ಬೀಡಿ ಆರಿಸಿದ. "ಅವತ್ತೂ ಹೀಗೇ ಚೆನ್ನಾಗಿ ಓದಿದ್ರಿ ಅಜ್ಜಿ. ಇವತ್ತು ನಂಬೋದು ಹೇಗೆ?"

"ನಂಬಬೇಡಿ," ಅಂದೆ. "ನೀವೇ ಗುಣಿಸಿ."

ಧೂಳು ಕೂತ ಬಾನೆಟ್ಟಿನ ಮೇಲೆ ಬೆರಳಿನಿಂದ ತೋರಿಸಿಕೊಟ್ಟೆ. ಒಬ್ಬೊಬ್ಬರೂ ತಮ್ಮ ತಮ್ಮ ಕಾಗದದ ಗುಣಕವನ್ನು ತಮ್ಮ ಕಾರಿನ ಮೇಲೆ ಬರೆದು ಗುಣಿಸಿದರು. ಒಬ್ಬನಿಗೆ ಹನ್ನೆರಡು. ಇನ್ನೊಬ್ಬನಿಗೆ ಹದಿನಾಲ್ಕು, ಅವನು ಅಳಿಸಿ ಮತ್ತೆ ಮಾಡಿದ. ಹದಿನಾಲ್ಕೇ. ಯಾರೂ ನನ್ನನ್ನು ಕ್ಷಮಿಸಿದೆ ಎನ್ನಲಿಲ್ಲ. ಧೂಳಿನ ಬೆರಳಲ್ಲೇ ಪೆನ್ನು ಹಿಡಿದು ನನ್ನ ಸಹಿಯ ಕೆಳಗೆ, ಸೊಸೆಯೂ ಸೇರಿ, ಏಳು ಸಹಿ ಹಾಕಿದರು.

ಅಂಚೆ ಕಚೇರಿಯಲ್ಲಿ ಲಕೋಟೆ ಅಂಟಿಸುವ ಮೊದಲು ಪೆನ್ನು ಕೇಳಿ ಇಸಿದುಕೊಂಡು ಇನ್ನೊಂದು ಸಾಲು ಸೇರಿಸಿದೆ: 'ಓದಿ ಹೇಳಿದ್ದಕ್ಕೆ ನನಗೆ ಒಂದು ಕುರ್ಚಿ ಸಿಕ್ಕಿತು.'

"ರಿಜಿಸ್ಟರ್ ಮಾಡ್ಲಾ ಅಮ್ಮ?" ಎಂದು ಕೇಳಿದ ಗುಮಾಸ್ತ.

"ಮಾಡಪ್ಪ. ನಾಡಿದ್ದಿಗೆ ವರ್ಷ ತುಂಬುತ್ತೆ, ನಾಳೆ ತಲುಪಬೇಕು."

"ತಲುಪುತ್ತೆ," ಎಂದು ಮೊಹರು ಒತ್ತಿದ.