ಸ್ಟೀರಿಂಗಿನ ಕೆಂಪು ಬಟ್ಟೆ

ಇಡೀ ಬೀದಿಗೆ ಅವನು ಗ್ಯಾರೇಜಣ್ಣ. ಯಾರ ಮಾತನ್ನೂ ಸುಲಭಕ್ಕೆ ನಂಬದ ಆಸಾಮಿ, ತನ್ನ ಕಾನೂನನ್ನು ಮಾತ್ರ ಕಣ್ಣುಮುಚ್ಚಿ ನಂಬುತ್ತಿದ್ದ. ಬೆಟ್ಟಗುಡ್ಡ ಹತ್ತುವ ಹುಚ್ಚಿನವರು ಜೀಪು ತಂದು ಸ್ವೇ ಬಾರ್ ಬಿಚ್ಚಿಕೊಡಿ ಎಂದರೆ ಬಿಚ್ಚಿಕೊಡುತ್ತಿದ್ದ. ಗಾಡಿಯ ಅಡಿಯಲ್ಲಿ ಎಡಚಕ್ರಕ್ಕೂ ಬಲಚಕ್ರಕ್ಕೂ ನಂಟು ಹಾಕುವ ಸರಳು ಅದು. ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವುದೂ ಅದೇ, ಬಂಡೆಗಳ ನಡುವೆ ಒಂದು ಚಕ್ರ ಗುಂಡಿಗಿಳಿಯಬೇಕಾದಾಗ ಅಡ್ಡಗಾಲು ಹಾಕುವುದೂ ಅದೇ. ಹಾಗಾಗಿ ಅದನ್ನು ಚಕ್ರಗಳಿಗೆ ಸೇರಿಸುವ ಎರಡು ಲಿಂಕ್ ರಾಡುಗಳನ್ನು ಕಳಚಿ ಹಿಂದುಗಡೆಯ ಡಬ್ಬದಲ್ಲಿಟ್ಟು, ಸ್ಟೀರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟುತ್ತಿದ್ದ. ರಾಡು ಮತ್ತೆ ಕೂರುವವರೆಗೂ ಆ ಬಟ್ಟೆ ಬಿಚ್ಚುವಂತಿಲ್ಲ.

"ಕೈಗೆ ಕಿರಿಕಿರಿ ಆಗುತ್ತೆ ಭಾವ," ಎಂದಿದ್ದ ತಂಗಿಯ ಗಂಡ, ತನ್ನ ಜೀಪಿಗೂ ಬಟ್ಟೆ ಕಟ್ಟಿದಾಗ.

"ಆಗ್ಲಿ ಅಂತಾನೇ ಕಟ್ಟಿರೋದು. ತಲೆಗೆ ಹತ್ತದೇ ಇರೋದು ಕೈಗಾದ್ರೂ ಹತ್ತುತ್ತೆ."

ತಂಗಿಯ ಗಂಡ ಗುಡ್ಡದಿಂದ ಮರಳಿ, ಜೀಪನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿ, ಬೀಗದ ಕೈಯನ್ನು ಕಿಟಕಿಯೊಳಗೆ ಹಾಕಿ ಹೋಗಿದ್ದ. ಬೆಳಿಗ್ಗೆ ನೋಡಿದರೆ ಜೀಪು ಫಳಫಳ. ಮನೆಯಲ್ಲಿ ಕುಡಿದ ಲೋಟವನ್ನೂ ಎತ್ತಿಡದವನು ಗಾಡಿ ತೊಳೆದಿದ್ದಾನೆ! ಗ್ಯಾರೇಜಣ್ಣ ಒಳಗೆ ಇಣುಕಿದ. ಸ್ಟೀರಿಂಗ್ ಬರಿದಾಗಿತ್ತು. ಪರವಾಗಿಲ್ಲ, ರಾಡು ಹಾಕುವುದನ್ನೂ ಕಲಿತಿದ್ದಾನೆ ಎಂದು ಒಳಗೊಳಗೇ ಹಿಗ್ಗಿದ.

ಅಷ್ಟರಲ್ಲಿ ತಂಗಿ ಬಂದಳು. ಅಮ್ಮನನ್ನು ಪಕ್ಕದ ಊರಿನ ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಬೇಕಿತ್ತು. ತಂಗಿ ಡ್ರೈವಿಂಗ್ ಕಲಿತು ವರ್ಷವೂ ಆಗಿರಲಿಲ್ಲ. ಅವಳ ಕೈಗೆ ಗಾಡಿ ಕೊಡುವುದೆಂದರೆ ಗಂಡ ಹಿಂದೆಮುಂದೆ ನೋಡುತ್ತಿದ್ದ. ಕಲಿಸಿದವನು, ಧೈರ್ಯ ತುಂಬಿದವನು ಅಣ್ಣನೇ.

"ಎಲ್ಲಾ ಸರಿ ಇದೆಯಾ ಅಣ್ಣ?"

"ನಾನು ನೋಡಿದೀನಿ. ಹೋಗು," ಎಂದ, ಬೇರೊಂದು ಗಾಡಿಯ ಬಾನೆಟ್ಟಿನೊಳಗಿಂದ ತಲೆ ಎತ್ತದೆ.

ಜೀಪು ಹೋಗಿ ಸ್ವಲ್ಪ ಹೊತ್ತಿಗೆ ತಂಗಿಯ ಗಂಡನ ಫೋನು ಬಂತು. "ರಾಡ್ ಹಾಕಿ ಆಯ್ತಾ?"

"ನೀನು ಹಾಕಿಲ್ವಾ? ಬಟ್ಟೆ ಇರ್ಲಿಲ್ವಲ್ಲ!"

"ಕೆಸರಾಗಿತ್ತು ಭಾವ. ಒಗೆದು ತಂತಿ ಮೇಲೆ ಹಾಕಿದೀನಿ. ಇನ್ನೂ ಒಣಗಿಲ್ಲ."

ಗ್ಯಾರೇಜಣ್ಣ ಆ ಕರೆ ಕತ್ತರಿಸಿದ. ತಂಗಿಗೆ ಫೋನು ಮಾಡಿದ. ಮತ್ತೆ ಮಾಡಿದ. ಎತ್ತಲಿಲ್ಲ. ಗಾಡಿ ಓಡಿಸುವಾಗ ಯಮನೇ ಫೋನ್ ಮಾಡಿದರೂ ಎತ್ತಬೇಡ ಎಂದು ಕಲಿಸಿದವನೂ ಇವನೇ. ರಿಪೇರಿಗೆ ಬಂದಿದ್ದ ಯಾರದೋ ಕಾರು ಹತ್ತಿ ಹೊರಟ. ಆ ಹೆದ್ದಾರಿ ಇಳಿಜಾರಿನಲ್ಲಿ ಒಂದರ ಹಿಂದೊಂದು ತಿರುವು. ಅಲ್ಲಿ ಎದುರಿಗೆ ಏನಾದರೂ ಬಂದು ಅವಳು ಸ್ಟೀರಿಂಗನ್ನು ಸರಕ್ಕನೆ ತಿರುಗಿಸಿದರೆ? ಮುಂದಕ್ಕೆ ಯೋಚಿಸಲು ಅವನಿಗೆ ಧೈರ್ಯವಾಗಲಿಲ್ಲ.

ಮೂರನೆಯ ತಿರುವಿನಲ್ಲಿ ಜೀಪು ಕಂಡಿತು. ನಾಲ್ಕು ಚಕ್ರವೂ ನೆಲದ ಮೇಲಿದ್ದವು. ಒಂದು ಮಗ್ಗುಲು ಮಾತ್ರ ತಡೆಗೋಡೆಗೆ ಉಜ್ಜಿ ಸಿಪ್ಪೆ ಸುಲಿದಂತಾಗಿತ್ತು. ಅಮ್ಮ ರಸ್ತೆಯಂಚಿನಲ್ಲಿ ಕೂತು ಸೆರಗಿನಿಂದ ಹಣೆಯ ರಕ್ತ ಒತ್ತಿಕೊಂಡಿದ್ದಳು.

"ಕಣ್ಣು ತೋರಿಸೋಕೆ ಹೊರಟವಳು ಹಣೆ ತೋರಿಸಬೇಕಾಯ್ತು," ಎಂದಳು. ನಗಿಸಲು ನೋಡಿದಳು.

ತಂಗಿ ಫೋನಿನಲ್ಲಿದ್ದಳು. ಗಂಡನ ದನಿ ಹೊರಗೆ ಕೇಳುವಷ್ಟು ಜೋರಾಗಿತ್ತು: "ನಿಂಗೆ ಬರಲ್ಲ ಅಂತ ಎಷ್ಟು ಸಲ ಹೇಳಿದೀನಿ!" ಅವಳು ಅಣ್ಣನತ್ತ ತಿರುಗಿದಳು.

"ನಾಯಿ ಅಡ್ಡ ಬಂತು ಅಣ್ಣ. ಸ್ವಲ್ಪಾನೇ ತಿರುಗಿಸಿದ್ದು. ಗಾಡಿ ಮಗುಚಿಕೊಳ್ತು ಅನ್ನೋ ಹಾಗೆ ವಾಲಿಬಿಡ್ತು. ಅಮ್ಮನ್ನ ಸಾಯಿಸಿಬಿಡ್ತಿದ್ದೆ. ಅವರು ಹೇಳೋದೇ ಸರಿ, ನಂಗೆ ಬರಲ್ಲ. ಇನ್ನು ಮುಟ್ಟಲ್ಲ."

ಅವನು ಸುಮ್ಮನಿದ್ದರೆ ಸಾಕಿತ್ತು. ತಪ್ಪು ತಾನಾಗಿಯೇ ಅವಳ ಹೆಗಲೇರಿ ಕೂತಿತ್ತು, ಇಳಿಸಿ ಎಂದು ಯಾರೂ ಕೇಳುತ್ತಿರಲಿಲ್ಲ. ಹಾಗೆ ಅನ್ನಿಸಿದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಅವಳ ಕೈಯಿಂದ ಫೋನು ಕಿತ್ತುಕೊಂಡ.

"ಬೈಯೋದಾದ್ರೆ ನಂಗೆ ಬೈಯಿ. ರಾಡ್ ಇಲ್ಲದ ಗಾಡಿ ಕೊಟ್ಟೋನು ನಾನು. ಅದನ್ನ ಮಗುಚದ ಹಾಗೆ ನಿಲ್ಲಿಸಿದ್ದು ಅವಳು."

ತಂಗಿ ಅವನನ್ನೇ ನೋಡುತ್ತ ನಿಂತಳು. "ನೋಡಿದೀನಿ ಅಂದ್ಯಲ್ಲ?"

"ಸ್ಟೀರಿಂಗ್ ನೋಡಿದ್ದೆ. ಬಟ್ಟೆ ಇರ್ಲಿಲ್ಲ. ಬಗ್ಗಿ ನೋಡ್ಲಿಲ್ಲ."

ಅವನು ಡಬ್ಬದಿಂದ ರಾಡು, ಸ್ಪ್ಯಾನರ್ ತೆಗೆದು, ಜೀಪಿನಡಿ ನುಸುಳಿ, ನಟ್ಟು ಬಿಗಿಮಾಡಿ ಹೊರಬಂದ. "ಆಯ್ತು. ಈಗ ಸರಿ ಇದೆ, ನಾನೇ ಓಡಿಸ್ತೀನಿ ಬಾ," ಎಂದ.

ಅವಳು ಅವನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡಳು. ಒಳ್ಳೆಯ ಸೀರೆಯಲ್ಲೇ ರಸ್ತೆಯ ಧೂಳಿನ ಮೇಲೆ ಅಂಗಾತ ಮಲಗಿ ಗಾಡಿಯ ಕೆಳಗೆ ಸರಿದಳು.

"ಎಲ್ಲಿರುತ್ತೆ ಅದು? ತೋರಿಸು," ಎಂದಳು ಅಲ್ಲಿಂದಲೇ. "ಇನ್ನು ಮೇಲೆ ನೀನು ಸರಿ ಇದೆ ಅಂದ್ರೂ ನಾನೇ ನೋಡ್ಕೋತೀನಿ."

ಅವನು ಮಂಡಿಯೂರಿ ಬೆರಳು ಮಾಡಿ ತೋರಿಸಿದ.